ಅಡಿಕೆಮರದ ಮೇಲಿನ ಲಿಪಿ

ಮುಂಗಾರಿಗೆ ಕೆಲವೇ ದಿನಗಳಿದ್ದಾಗ ಪಾಣೆಮಂಗಳೂರಿನ ನಮ್ಮ ದೊಡ್ಡಪ್ಪನ ತೋಟಕ್ಕೆ ಹೋಗಿದ್ದೆ. ಅವರು ಆಳುಗಳಿಂದ ಅಡಿಕೆಮರಗಳ ಕಾಂಡವನ್ನು ಕೆರೆಸುತ್ತಿದ್ದರು. “ಮರಕ್ಕೆ ಬಿಳಿ ಹತ್ತಿದೆ. ಕೊಳೆರೋಗದ ಬೀಜ ಇದೇ ಇರಬೇಕು” ಎಂದರು. ಬೂದುಬಿಳುಪಿನ ಆ ಕಲೆಗಳ ಮೇಲೆ, ತಾಳೆಗರಿಯಲ್ಲಿ ಕಂಠದಿಂದ ಗೀಚಿದಂತೆ, ಕಪ್ಪು ಗೀಟುಗಳಿದ್ದವು.

ಅದು ರೋಗವಲ್ಲ, ಮಸಾಲೆಗೆ ಬಳಸುವ ಕಲ್ಲುಹೂವಿನ ಬಳಗ. ಈ ಜಾತಿಗೆ ಶಾಸ್ತ್ರಜ್ಞರಿಟ್ಟ ಹೆಸರು ‘ಗ್ರಾಫಿಸ್’. ಬರವಣಿಗೆಯನ್ನು ಸೂಚಿಸುವ ಗ್ರೀಕ್ ಮೂಲದ ಪದ. ಆ ಗೀಟುಗಳು ಬೀಜಕಗಳು ಹುಟ್ಟುವ ತಾಣಗಳು.

ಇದರ ಒಳಗನ್ನು ತಿಳಿಯಲು ಎಲೆಯಂತೆ ಹರಡುವ ಕಲ್ಲುಹೂವೇ ಅನುಕೂಲ. ಅದನ್ನು ನೆನೆಸಿ, ಬ್ಲೇಡಿನಿಂದ ತೆಳುವಾಗಿ ಸೀಳಿ, ಸೂಕ್ಷ್ಮದರ್ಶಕದಡಿ ಇಟ್ಟರೆ ಅಂತಸ್ತಿನ ಮನೆಯೊಂದು ಕಾಣುತ್ತದೆ. ಮೇಲೆ ಮಾಡಿನಂತೆ ಶಿಲೀಂಧ್ರದ ಎಳೆಗಳು ಒತ್ತಾಗಿ ಬೆಸೆದಿರುತ್ತವೆ. ಗಿಡದ ಜೀವಕೋಶಗಳೆಂದೇ ಭ್ರಮೆ ಹುಟ್ಟಿಸಿದರೂ ಅವು ಎಳೆಗಳೇ. ಅದರ ಕೆಳಗೆ ಹಸುರು ಗುಂಡುಗಳು: ಇವು ಪಾಚಿ. ಅದಕ್ಕೂ ಕೆಳಗೆ ಹಿಂಜಿದ ಹತ್ತಿಯಂಥ ಸಡಿಲ ಎಳೆಗಳು, ನಡುನಡುವೆ ಗಾಳಿ. ತಳದಲ್ಲಿ ಮತ್ತೊಂದು ಒತ್ತು ಪದರ. ಅದರಿಂದ ಇಳಿಯುವ ಬೇರಿನಂಥ ಎಳೆಗಳು ಹಿಡಿದುಕೊಳ್ಳುವುದಕ್ಕೆ ಹೊರತು ಹೀರುವುದಕ್ಕಲ್ಲ. ಗ್ರಾಫಿಸಿಗೆ ಈ ತಳದ ಪದರವೂ ಇಲ್ಲ. ಅದು ನೇರವಾಗಿ ತೊಗಟೆಗೇ ಅಂಟಿರುತ್ತದೆ.

ಬಿಸಿಲಿನಲ್ಲಿ ಅಡುಗೆ ಮಾಡುವುದು ಪಾಚಿ, ಮನೆ ಕಟ್ಟಿಕೊಟ್ಟು ಅದರಲ್ಲಿ ಪಾಲು ಪಡೆಯುವುದು ಶಿಲೀಂಧ್ರ. ಮರ ಕೊಡುವುದು ನಿಲ್ಲಲು ಜಾಗ ಮಾತ್ರ. ಇದು ಒಂದು ಜೀವಿಯಲ್ಲ, ಎರಡು ಎಂದು 1860ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಶ್ವೆಂಡೆನರ್ ಹೇಳಿದಾಗ ಹಲವು ಪಂಡಿತರು ಒಪ್ಪಲಿಲ್ಲ. 2016ರಲ್ಲಿ, ಕೆಲವು ಕಲ್ಲುಹೂವುಗಳ ಮೇಲ್ಪದರದಲ್ಲಿ ಯೀಸ್ಟ್ ಎಂಬ ಮೂರನೆಯ ನಿವಾಸಿಯೂ ಇದೆಯೆಂದು ಸಂಶೋಧಕರು ಪ್ರಕಟಿಸಿದರು.

ಕೊಳೆರೋಗದ ಕಥೆಯೇ ಬೇರೆ. ಮೈಸೂರು ಸಂಸ್ಥಾನದಲ್ಲಿ ಅದನ್ನು ಅಭ್ಯಸಿಸಿದ ಕೋಲ್ಮನ್ 1910ರಲ್ಲಿ ವರದಿ ಪ್ರಕಟಿಸಿದರು. ಅದನ್ನು ತರುವ ಫೈಟಾಫ್ತೊರಾ ಶಿಲೀಂಧ್ರದಂತೆಯೇ ಎಳೆಬಿಡುತ್ತದೆ. ಆದರೆ ನಿಜವಾದ ಶಿಲೀಂಧ್ರದ ಕೋಶಗೋಡೆಯಲ್ಲಿರುವುದು ಕೈಟಿನ್. ಇದರಲ್ಲಿ ಸೆಲ್ಯುಲೋಸು ಇದೆ. ಆದ್ದರಿಂದ ಇಂದು ಇದನ್ನು ಬೇರೆ ವಂಶಕ್ಕೆ ಸೇರಿಸುತ್ತಾರೆ. ಮಳೆನೀರಿನಲ್ಲಿ ಈಜುವ ಅದರ ಬೀಜಕಗಳು ಎಳೆಗಾಯಿಯ ಮೇಲೆ ಮೊಳೆತು ಅದನ್ನು ಕೊಳೆಯಿಸುತ್ತವೆ.

ಇಷ್ಟನ್ನು ಕೇಳಿ ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮರುದಿನ ಕೆರೆಯುವ ಕೆಲಸ ನಿಂತಿತು. ಅದೇ ಆಳುಗಳು ಮೈಲುತುತ್ತು–ಸುಣ್ಣದ ದ್ರಾವಣ ಹಿಡಿದು ಗೊನೆಗಳಿಗೆ ಸಿಂಪಡಿಸಲು ಮರವೇರಿದರು. ಕಾಂಡದ ಲಿಪಿ ಹಾಗೆಯೇ ಉಳಿಯಿತು.