ಮೀನಿನ ಹೊಟ್ಟೆ ಊದಿದೆಯೇ? ಮದ್ದು ಹಾಕುವ ಮೊದಲು ಕಾರಣ ಹುಡುಕಿ



ಹೃದಯದ ಡಾಕ್ಟರಿಗೆ ಮೀನಿನ ಉಸಾಬರಿ ಯಾಕೆ ಅಂತೀರಾ? ಹೊಟ್ಟೆ ಊದುವುದು ಒಳಗಿನ ಕಾಯಿಲೆಯ ಗುರುತು. ಮೀನಿಗೂ ಹಾಗೆಯೇ, ನಮಗೂ ಹಾಗೆಯೇ. ಆದ್ದರಿಂದ ಮನೆಯ ಅಕ್ವೇರಿಯಂನಿಂದಲೇ ಶುರು ಮಾಡೋಣ.

*ಮೊದಲು ಸರಿಯಾಗಿ ನೋಡಿ*

1️⃣ *ಅಜೀರ್ಣ:* ಹೊಟ್ಟೆ ದುಂಡಗಾಗಿದೆ, ಹುರುಪೆ ನುಣುಪಾಗಿದೆ, ಮಲ ಕಟ್ಟಿದೆ. ಗೋಲ್ಡ್ ಫಿಶ್‌ಗೆ ಜಠರವೇ ಇಲ್ಲ. ತಿಂದದ್ದು ನೇರ ಕರುಳಿಗೆ ಹೋಗುತ್ತದೆ. ಮಕ್ಕಳು, ಅಜ್ಜ, ಅಜ್ಜಿ ಒಬ್ಬೊಬ್ಬರೂ ಒಂದೊಂದು ಚಿಟಿಕೆ ಹಾಕಿದರೆ ಹೀಗಾಗುತ್ತದೆ.

2️⃣ *ಬಸಿರು:* ಗಪ್ಪಿ, ಮೋಲಿ ಮೀನುಗಳು ಮರಿ ಹಾಕುತ್ತವೆ. ಹೊಟ್ಟೆ ನಿಧಾನವಾಗಿ ದೊಡ್ಡದಾಗುತ್ತದೆ, ಮೀನು ಚುರುಕಾಗಿಯೇ ಇರುತ್ತದೆ. ಇದಕ್ಕೆ ಮದ್ದು ಬೇಡ.

3️⃣ *ಗಡ್ಡೆ:* ಒಂದೇ ಬದಿ ಉಬ್ಬಿ, ವಾರಗಟ್ಟಲೆ ಬೆಳೆಯುತ್ತ ಹೋದರೆ ಈ ಸಂಶಯ.

4️⃣ *ಜಲೋದರ:* ಇದೇ ಗಂಭೀರ. ಮೇಲಿನಿಂದ ನೋಡಿ. ಹುರುಪೆಗಳು ಎದ್ದು ನಿಂತು ಮೈ ಸೀತಾಫಲದಂತೆ ಕಾಣುತ್ತದೆ. ಕಣ್ಣು ಉಬ್ಬಿರಬಹುದು, ಮೀನು ಮೂಲೆ ಹಿಡಿದು ಊಟ ಬಿಡುತ್ತದೆ.

*ನೀರು ತುಂಬುವುದು ಹೇಗೆ?*

ಸಿಹಿನೀರಿನ ಮೀನಿನ ರಕ್ತದಲ್ಲಿ ಉಪ್ಪಿನಂಶ ಹೊರಗಿನ ನೀರಿಗಿಂತ ಹೆಚ್ಚು. ಹಾಗಾಗಿ ಕಿವಿರುಗಳ ಮೂಲಕ ನೀರು ಸದಾ ಒಳಗೆ ನುಗ್ಗುತ್ತಲೇ ಇರುತ್ತದೆ. ಅದನ್ನು ಹಗಲೂ ರಾತ್ರಿ ಹೊರಹಾಕುವುದು ಮೂತ್ರಪಿಂಡದ ಕೆಲಸ. ಉಳಿದ ಆಹಾರ ಕೊಳೆತು ಅಮೋನಿಯಾ ಹೆಚ್ಚಿದರೆ ಮೀನಿನ ಶಕ್ತಿ ಕುಂದುತ್ತದೆ. ನೀರಿನಲ್ಲೇ ಇರುವ ಏರೋಮೋನಾಸ್‌ನಂಥ ಬ್ಯಾಕ್ಟೀರಿಯಾ ಆಗ ದಾಳಿ ಮಾಡುತ್ತವೆ. ಮೂತ್ರಪಿಂಡ ಕೈಚೆಲ್ಲಿದರೆ ಒಳಬಂದ ನೀರು ಹೊಟ್ಟೆಯಲ್ಲೇ ನಿಲ್ಲುತ್ತದೆ.

*ನಮ್ಮ ಊರಿನ ನೀರು*

ಗಂಗಾಪುರ ಅಣೆಕಟ್ಟಿನಿಂದ ನಾಸಿಕ್‌ಗೆ, ಪೈಠಣದ ಜಾಯಕವಾಡಿಯಿಂದ ಸಂಭಾಜಿನಗರಕ್ಕೆ ಬರುವುದು ಒಂದೇ ಗೋದಾವರಿ. ಸಂಭಾಜಿನಗರದಲ್ಲಿ ನಳಕ್ಕೆ ನೀರು ದಿನಾ ಬರುವುದಿಲ್ಲ. ಬಂದ ದಿನ ಡ್ರಮ್ಮು ತುಂಬಿಸುವ ಅವಸರದಲ್ಲಿ ಮೀನಿನ ಟ್ಯಾಂಕಿಗೂ ಪೈಪು ಹಿಡಿಯಬೇಡಿ. ನೀರಿನ ಕ್ಲೋರಿನ್ ಕಿವಿರನ್ನು ಸುಡುತ್ತದೆ. ಬಕೆಟ್‌ನಲ್ಲಿ 24 ಗಂಟೆ ತೆರೆದಿಡಿ, ಇಲ್ಲವೇ ಅಂಗಡಿಯ ಆಂಟಿ ಕ್ಲೋರಿನ್ ಹನಿ ಹಾಕಿ. ನಾಸಿಕ್‌ನ ಚಳಿಯಲ್ಲಿ ಮೀನಿನ ಜೀರ್ಣಶಕ್ತಿ ನಿಧಾನವಾಗುತ್ತದೆ, ಆಹಾರ ಕಡಿಮೆ ಮಾಡಿ.

*ಏನು ಮಾಡಬೇಕು?*

✅ ಅಜೀರ್ಣವಾದರೆ 2-3 ದಿನ ಉಪವಾಸ. ಆಮೇಲೆ ಗೋಲ್ಡ್ ಫಿಶ್‌ಗೆ ಬೇಯಿಸಿ ಸಿಪ್ಪೆ ತೆಗೆದ ಹಸಿ ಬಟಾಣಿ ಚೂರು.
✅ ದಿನಕ್ಕೆ ಒಂದೆರಡು ಸಲ, 2 ನಿಮಿಷದಲ್ಲಿ ಮುಗಿಯುವಷ್ಟೇ ಆಹಾರ.
✅ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ.
✅ ಹುರುಪೆ ಎದ್ದ ಮೀನನ್ನು ಬೇರೆ ಪಾತ್ರೆಗೆ ಹಾಕಿ, ಪಶುವೈದ್ಯರನ್ನು ಕೇಳಿ. ಈ ಹಂತದಲ್ಲಿ ಉಳಿಯುವುದು ಕಷ್ಟ. ಮಕ್ಕಳಿಗೆ ಇದನ್ನು ಮೊದಲೇ ಹೇಳಿಬಿಡಿ.
❌ ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ಮಾತ್ರೆ ಪುಡಿಮಾಡಿ ಹಾಕಬೇಡಿ. ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾಗಳನ್ನು ನಾವೇ ಸಾಕಿದಂತಾಗುತ್ತದೆ.
❌ ಕೈಯಲ್ಲಿ ಗಾಯವಿದ್ದರೆ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದರೆ, ಬರಿಗೈಯಿಂದ ಟ್ಯಾಂಕ್ ತೊಳೆಯಬೇಡಿ.

*ಮನೆಯವರ ಕಡೆಗೂ ನೋಡಿ*

ಮನುಷ್ಯರಲ್ಲೂ ಜಲೋದರವನ್ನು ಒಂದೇ ಕಾಯಿಲೆ ಎಂದು ನಂಬಿದ್ದ ಕಾಲವಿತ್ತು. ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲಿ ಫಾಕ್ಸ್‌ಗ್ಲವ್ ಗಿಡದ ಎಲೆಯ ಬಗ್ಗೆ ಬರೆದರು. ಅದು ಕೆಲವರ ಬಾವು ಇಳಿಸಿತು, ಕೆಲವರದ್ದು ಇಳಿಸಲಿಲ್ಲ. ಏಕೆಂದರೆ ಕೆಲವರಿಗೆ ತೊಂದರೆ ಹೃದಯದಲ್ಲಿ, ಕೆಲವರಿಗೆ ಯಕೃತ್ತು ಅಥವಾ ಮೂತ್ರಪಿಂಡದಲ್ಲಿ.

ಊರಿನಿಂದ ಬಂದ ಅಪ್ಪ ಅಮ್ಮನ ಕಾಲು ಊದಿದರೆ "ಬಸ್ಸಿನಲ್ಲಿ ಕೂತು ಬಂದದ್ದಕ್ಕೆ" ಎನ್ನುತ್ತೇವೆ. ಪ್ರಯಾಣದ ಬಾವು ಒಂದೆರಡು ದಿನದಲ್ಲಿ ಇಳಿಯಬೇಕು. ಇಳಿಯದಿದ್ದರೆ, ಬೆರಳಿನಿಂದ ಒತ್ತಿದಲ್ಲಿ ಕುಳಿ ಉಳಿದರೆ, 3 ದಿನದಲ್ಲಿ 2 ಕಿಲೋ ತೂಕ ಏರಿದರೆ ಬೇಗ ಡಾಕ್ಟರಿಗೆ ತೋರಿಸಿ. ಒಂದೇ ಕಾಲು ಊದಿ ನೋಯುತ್ತಿದ್ದರೆ, ಮಲಗಿದಾಗ ಉಸಿರು ಕಟ್ಟಿದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಪಕ್ಕದ ಮನೆಯವರ ನೀರಿಳಿಸುವ ಮಾತ್ರೆ ತಂದು ಕೊಡಬೇಡಿ. ಮರಾಠಿ ಬಾರದ ಹಿರಿಯರು ಡಾಕ್ಟರ ಮುಂದೆ "ಏನೂ ಇಲ್ಲ" ಎಂದು ಸುಮ್ಮನಾಗುತ್ತಾರೆ. ಜೊತೆಗೆ ಹೋಗಿ, ಅವರ ಪರವಾಗಿ ನೀವು ಹೇಳಿ.

ಉಪಯೋಗ ಆಗುತ್ತದೆ ಅನಿಸಿದರೆ ನಿಮ್ಮ ಬಳಗದ ಗುಂಪಿಗೂ ಕಳಿಸಿ.

— ನಿಮ್ಮ ಹೃದ್ರೋಗ ತಜ್ಞ, ಎಂ.ಡಿ.