ಆಕಾಶದ ಹಾದಿಯೂ ನೆಲದ ಹಾದಿಯೂ

ಅಮೇರಿಕೆಯಲ್ಲಿರುವ ಮಗನು ಊರು ಮುಟ್ಟಲು ಎಷ್ಟು ಹೊತ್ತು ಬೇಕು? ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಮನೆಗಳಲ್ಲಿ ಈ ಪ್ರಶ್ನೆಯು ಈಗ ಹೊಸತಲ್ಲ. ಹಬ್ಬಕ್ಕಾಗಿ ಕೇಳಿದರೆ ಅದು ಕುತೂಹಲದ ಮಾತು. ಮನೆಯ ಹಿರಿಯರು ಹಾಸಿಗೆ ಹಿಡಿದಾಗ ಕೇಳಿದರೆ ಅದರ ತೂಕವೇ ಬೇರೆ. ವಿಮಾನದ ಟಿಕೀಟಿನ ಮೇಲಿರುವ ತಾಸುಗಳನ್ನೇ ಉತ್ತರವೆಂದು ಹೇಳಿಬಿಡುವ ರೂಢಿಯು ಬಿದ್ದಿದೆ. ಅದು ಅರೆಸತ್ಯವೆಂದು ನಮ್ಮ ಅಭಿಪ್ರಾಯ.

2021ನೆಯ ಇಸವಿಯ ಜನವರಿ 9, ಶನಿವಾರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾದ ಬೋಯಿಂಗ್ 777 ವಿಮಾನವು ನಡುವೆ ಎಲ್ಲಿಯೂ ಇಳಿಯದೆ ಬೆಂಗಳೂರನ್ನು ಮುಟ್ಟಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರು ಅದರ ಮುಖ್ಯಸ್ಥರು. ಉಳಿದ ಚಾಲಕರೂ ಮಹಿಳೆಯರೇ. ಎರಡು ನಿಲ್ದಾಣಗಳ ನಡುವಣ ಅಂತರವು ಸುಮಾರು 14,000 ಕಿ.ಮೀ., ಎಂದರೆ ಭೂಮಿಯ ಸುತ್ತಳತೆಯ ಮೂರನೆಯ ಒಂದು ಪಾಲಿಗಿಂತ ಹೆಚ್ಚು. ಹಿಡಿದ ಹೊತ್ತು ಸುಮಾರು 17 ತಾಸು. ಆದರೆ ಇಳಿದದ್ದು ಸೋಮವಾರ ನಸುಕಿನಲ್ಲಿ! ನಡುವಿನ ರವಿವಾರವು ಎಲ್ಲಿ ಹೋಯಿತೆಂದು ಬೆರಗಾಗಬೇಕಿಲ್ಲ. ಚಳಿಗಾಲದಲ್ಲಿ ನಮ್ಮ ಗಡಿಯಾರವು ಅಲ್ಲಿಯದಕ್ಕಿಂತ ಹದಿಮೂರೂವರೆ ತಾಸು ಮುಂದಿರುತ್ತದೆ. ಅದನ್ನು ಕೂಡಿಸಿದರೆ ಲೆಕ್ಕವು ಸರಿಹೋಗುತ್ತದೆ.

ಶಾಲೆಯ ಗೋಡೆಯ ಮೇಲಿನ ನಕಾಶೆಯನ್ನು ನೋಡಿದವರು ವಿಮಾನವು ಪೆಸಿಫಿಕ್ ಮಹಾಸಾಗರವನ್ನು ಅಡ್ಡಹಾಯ್ದು ಬಂದಿರಬೇಕೆಂದು ತಿಳಿಯುವರು. ಅದು ಬಂದದ್ದು ಉತ್ತರ ಧ್ರುವದ ಮೇಲಿಂದ. ಎರಡೂ ಊರುಗಳ ರೇಖಾಂಶಗಳಲ್ಲಿ 160 ಅಂಶಗಳ ಅಂತರವಿದೆ. ಭೂಗೋಲದಲ್ಲಿ ಅವು ಹೆಚ್ಚುಕಡಿಮೆ ಬೆನ್ನಿಗೆ ಬೆನ್ನು ಹಚ್ಚಿ ನಿಂತಂತೆ. ಕಲ್ಲಂಗಡಿಯ ಆಚೆ ಮಗ್ಗುಲಿನಿಂದ ಈಚೆ ಮಗ್ಗುಲಿಗೆ ದಾರವನ್ನು ಬಿಗಿಹಿಡಿದರೆ ಅದು ತೊಟ್ಟಿನ ಕಡೆಗೇ ಸರಿಯುತ್ತದೆ. ಆದರೆ ದಾರದ ಹಾದಿಯೇ ವಿಮಾನದ ಹಾದಿಯಾಗಬೇಕೆಂದಿಲ್ಲ. ಗಾಳಿಯ ಸೆಳೆತವುಂಟು, ರಾಜಕೀಯವೂ ಉಂಟು. 2025ರ ಏಪ್ರಿಲಿನಲ್ಲಿ ಪಾಕಿಸ್ತಾನವು ಭಾರತದ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿದಾಗ ದಿಲ್ಲಿಯಿಂದ ಪಶ್ಚಿಮಕ್ಕೆ ಹೋಗುವ ವಿಮಾನಗಳು ಸುತ್ತುಹಾದಿಯನ್ನು ಹಿಡಿಯಬೇಕಾಯಿತು.

ಇನ್ನು ನೆಲದ ಹಾದಿ. ದೇವನಹಳ್ಳಿಯಲ್ಲಿ ಇಳಿದವನು ಸಾಮಾನು ಬಿಡಿಸಿಕೊಂಡು, ಶಹರವನ್ನು ಸೇರಿ, ರೈಲಿನಲ್ಲಿ ಒಂದು ಇಡೀ ರಾತ್ರಿಯನ್ನು ಕಳೆದರೆ ಘಟಪ್ರಭಾ ನಿಲ್ದಾಣವು ಬರುತ್ತದೆ. ಆಕಾಶದಲ್ಲಿ ಬಂದ ದೂರದ ಇಪ್ಪತ್ತನೆಯ ಒಂದು ಪಾಲಿನಷ್ಟು ದೂರಕ್ಕೆ ಆಕಾಶದಲ್ಲಿ ಕಳೆದ ಹೊತ್ತಿನ ಅರ್ಧಕ್ಕಿಂತ ಹೆಚ್ಚು! ಸಾಂಬ್ರಾ ನಮಗೆ ಸಮೀಪದ ವಿಮಾನ ನಿಲ್ದಾಣವೆಂಬುದು ನಿಜ. 1942ರಲ್ಲಿ ಯುದ್ಧದ ಸಲುವಾಗಿ ಹುಟ್ಟಿದ ಆ ನಿಲ್ದಾಣಕ್ಕೆ 2017ರಲ್ಲಿ ಹೊಸ ಕಟ್ಟಡವೂ ಆಯಿತು. ಬೆಂಗಳೂರಿನಿಂದ ಅಲ್ಲಿಗೆ ಹಾರಲು ತಾಸಿನ ಮೇಲೆ ಸ್ವಲ್ಪ ಹೊತ್ತು ಸಾಕು. ಆದರೆ ನಸುಕಿನಲ್ಲಿ ಬೆಂಗಳೂರಿಗೆ ಇಳಿದವನು ಆ ವಿಮಾನಕ್ಕಾಗಿ ಎಷ್ಟು ಹೊತ್ತು ಕಾಯಬೇಕು? ಸಾಂಬ್ರಾದಿಂದ ಗೋಕಾಕಕ್ಕೆ ಅರವತ್ತು ಕಿ.ಮೀ. ಆಚೀಚೆ, ಮೂಡಲಗಿಯು ಇನ್ನೂ ಮುಂದೆ. ವಿಮಾನವು ಇಳಿಯುವ ವೇಳೆಗೂ ಬಸ್ಸು ಹೊರಡುವ ವೇಳೆಗೂ ಹೊಂದಿಕೆ ಮಾಡುವುದಕ್ಕೆ ಕೋಟಿಗಟ್ಟಲೆ ಹಣವು ಬೇಡ. ಎರಡು ಇಲಾಖೆಗಳ ಅಧಿಕಾರಿಗಳು ಒಂದೇ ಮೇಜಿನ ಸುತ್ತ ಅರ್ಧ ತಾಸು ಕುಳಿತರೆ ಆಗುವ ಕೆಲಸವದು.

ಅಲ್ಲಿಯವರೆಗೆ, ಕೇಳುವ ತಾಯಂದಿರಿಗೆ ಹದಿನೇಳು ತಾಸೆಂದು ಹೇಳಬೇಡಿರಿ. ಮನೆಯಿಂದ ಮನೆಗೆ ಒಂದೂವರೆ ದಿವಸವೆನ್ನಿರಿ. ನಡುವೆ ದುಬೈಯಲ್ಲಿಯೋ ಫ್ರಾಂಕ್‌ಫರ್ಟಿನಲ್ಲಿಯೋ ವಿಮಾನವನ್ನು ಬದಲಿಸುವುದಿದ್ದರೆ ಎರಡು ದಿವಸ.