ಟೆನಿಸ್ ರ‍್ಯಾಕೆಟ್ಟಿನ ತೂಕ, ತುಲಾಬಿಂದು ಮತ್ತು ಬೀಸುಭಾರ

ಟೆನಿಸ್ ರ‍್ಯಾಕೆಟ್ಟನ್ನು ಕೊಳ್ಳಹೊರಟವರು ಅಂಗಡಿಯಲ್ಲಿ ಅದನ್ನು ಕೈಗೆತ್ತಿಕೊಂಡು ‘ಇದು ಹಗುರ, ಅದು ಭಾರ’ ಎಂದು ನಿರ್ಣಯಿಸುವುದುಂಟು. ಭಾರವೆಂಬ ಈ ಒಂದು ಮಾತಿನಲ್ಲಿ ಮೂರು ಭಿನ್ನವಾದ ಅರ್ಥಗಳು ಅಡಗಿವೆ. ಅವನ್ನು ವಿಂಗಡಿಸದೆ ಆರಿಸಿದ ರ‍್ಯಾಕೆಟ್ಟು ಆಟವನ್ನು ಕೆಡಿಸುವುದಲ್ಲದೆ, ಮೊಣಕೈ ಮಣಿಕಟ್ಟುಗಳ ನೋವಿಗೂ ಕಾರಣವಾಗಬಹುದು. ವಿದ್ಯಾರ್ಥಿಗಳಿಗಾಗಿ ಆಟದ ಸಾಮಗ್ರಿಯನ್ನು ತರಿಸುವ ಉಪಾಧ್ಯಾಯರು ಇದನ್ನು ವಿಶೇಷವಾಗಿ ಗಮನಿಸಬೇಕು. ಶಬ್ದಾರ್ಥವಿವೇಚನೆಯು ಇಲ್ಲಿ ಪಂಡಿತರ ವಿನೋದವಲ್ಲ. ಆಡುವವನ ತೋಳಿನ ಕ್ಷೇಮಕ್ಕೆ ಸಂಬಂಧಿಸಿದ ವಿಷಯ.

ಮೊದಲನೆಯದು ತೂಕ. ಮರದ ರ‍್ಯಾಕೆಟ್ಟುಗಳು ಸುಮಾರು ೩೭೦ರಿಂದ ೪೦೦ ಗ್ರಾಂ ತೂಗುತ್ತಿದ್ದವು. ೧೯೮೦ರ ದಶಕದಲ್ಲಿ ಮರದ ಸ್ಥಾನಕ್ಕೆ ಗ್ರ್ಯಾಫೈಟ್ ಬಂದ ಮೇಲೆ ತೂಕವು ಇಳಿಯಿತು. ಈಗ ವಯಸ್ಕರ ರ‍್ಯಾಕೆಟ್ಟುಗಳು ತಂತಿ ಕಟ್ಟುವ ಮೊದಲು ಸಾಮಾನ್ಯವಾಗಿ ೨೫೦ರಿಂದ ೩೪೦ ಗ್ರಾಂ ಇರುತ್ತವೆ. ತಂತಿಯಿಂದ ಸುಮಾರು ೧೫ರಿಂದ ೧೮ ಗ್ರಾಂ ಹೆಚ್ಚುತ್ತದೆ. ಆದುದರಿಂದ ಅಚ್ಚಾದ ಅಂಕಿಯು ತಂತಿ ಸಹಿತವಾದುದೋ ರಹಿತವಾದುದೋ ಎಂಬುದನ್ನು ಮೊದಲು ಕೇಳಿ ತಿಳಿಯತಕ್ಕದ್ದು. ಚೆಂಡಿನ ಆಘಾತಕ್ಕೆ ತೂಕದ ರ‍್ಯಾಕೆಟ್ಟು ಕಡಮೆ ಅಲುಗುತ್ತದೆ. ಹಗುರವಾದುದು ಬೇಗನೆ ತಿರುಗುತ್ತದೆ. ಆದರೆ ಆಘಾತವನ್ನು ಕೈಗೆ ಹೆಚ್ಚಾಗಿ ದಾಟಿಸುತ್ತದೆ.

ಎರಡನೆಯದು ತುಲಾಬಿಂದು. ರ‍್ಯಾಕೆಟ್ಟನ್ನು ಅಳತೆಪಟ್ಟಿಯ ಅಂಚಿನ ಮೇಲೆ ಅಡ್ಡಲಾಗಿಟ್ಟು ಅತ್ತಿತ್ತ ಸರಿಸಿದರೆ, ಅದು ಎತ್ತಲೂ ವಾಲದೆ ನಿಲ್ಲುವ ಸ್ಥಾನವೇ ಇದು. ಇದರ ದೂರವನ್ನು ಹಿಡಿಯ ಬುಡದಿಂದ ಅಳೆಯುತ್ತಾರೆ. ವಯಸ್ಕರ ರ‍್ಯಾಕೆಟ್ಟಿನ ವಾಡಿಕೆಯ ಉದ್ದ ೨೭ ಅಂಗುಲ, ಎಂದರೆ ೬೮.೬ ಸೆಂಟಿಮೀಟರು, ಅದರ ಮಧ್ಯವು ೩೪.೩. ತುಲಾಬಿಂದುವು ಮಧ್ಯಕ್ಕಿಂತ ಹಿಡಿಯ ಕಡೆಗಿದ್ದರೆ ಹಿಡಿಭಾರವೆಂದೂ, ಆಚೆಗಿದ್ದರೆ ತಲೆಭಾರವೆಂದೂ ಕರೆಯಬಹುದು. ವ್ಯಾಪಾರಿಗಳು ಹೇಳುವ ‘ಪಾಯಿಂಟು’ ಅಂಗುಲದ ಎಂಟನೆಯ ಒಂದು ಭಾಗ.

ಪ್ರಸಿದ್ಧವಾದ ಎರಡು ರ‍್ಯಾಕೆಟ್ಟುಗಳನ್ನು ಹೋಲಿಸೋಣ. ಬಾಬೊಲಾ ಪ್ಯೂರ್ ಡ್ರೈವ್ ತಂತಿಯಿಲ್ಲದೆ ೩೦೦ ಗ್ರಾಂ. ತುಲಾಬಿಂದು ೩೨ ಸೆಂಟಿಮೀಟರು. ರೋಜರ್ ಫೆಡರರರ ಹೆಸರಿನ ವಿಲ್ಸನ್ ಪ್ರೋ ಸ್ಟಾಫ್ ೩೪೦ ಗ್ರಾಂ, ತುಲಾಬಿಂದು ೩೦.೫. ತೂಕದಲ್ಲಿ ಎರಡನೆಯದು ನೂರಕ್ಕೆ ೧೩ರಷ್ಟು ಹೆಚ್ಚು. ಆದರೆ ಬುಡದಿಂದ ೧೦ ಸೆಂಟಿಮೀಟರು ದೂರದಲ್ಲಿ ಹಿಡಿದು ನೆಲಕ್ಕೆ ಸಮಾಂತರವಾಗಿ ಚಾಚಿದರೆ, ಅದು ತಲೆಯನ್ನು ಕೆಳಕ್ಕೆ ಬಾಗಿಸುವ ಬಲವು ನೂರಕ್ಕೆ ೬ರಷ್ಟೂ ಹೆಚ್ಚಾಗುವುದಿಲ್ಲ. ಹೆಚ್ಚಿನ ತೂಕವನ್ನು ಹಿಡಿಭಾರವು ಇಷ್ಟರಮಟ್ಟಿಗೆ ಮರೆಸುತ್ತದೆ.

ಮೂರನೆಯದನ್ನು ಬೀಸುಭಾರವೆಂದು ಕರೆಯುತ್ತೇನೆ. ಅನ್ನಂಭಟ್ಟನ ತರ್ಕಸಂಗ್ರಹವು ಗುರುತ್ವವನ್ನು ೨೪ ಗುಣಗಳಲ್ಲಿ ಒಂದೆಂದು ಎಣಿಸಿ, ವಸ್ತುವಿನ ಪತನಕ್ಕೆ ಅದನ್ನು ಕಾರಣವೆನ್ನುತ್ತದೆ. ತೂಕ ತುಲಾಬಿಂದುಗಳೆರಡೂ ಪತನವನ್ನೇ ಕುರಿತವು. ಬೀಸುವಾಗಲಾದರೋ ಕೈ ಎದುರಿಸುವುದು ಬೀಳುವ ಸ್ವಭಾವವನ್ನಲ್ಲ, ತಿರುಗಲೊಲ್ಲದ ಸ್ವಭಾವವನ್ನು. ಬುಡದಿಂದ ೧೦ ಸೆಂಟಿಮೀಟರಿನಲ್ಲಿ ಅಕ್ಷವನ್ನು ಕಲ್ಪಿಸಿ, ರ‍್ಯಾಕೆಟ್ಟಿನ ಒಂದೊಂದು ಅಂಶದ ತೂಕವನ್ನೂ ಅಕ್ಷದಿಂದ ಅದಕ್ಕಿರುವ ದೂರದ ವರ್ಗದಿಂದ ಗುಣಿಸಿ ಕೂಡಿದರೆ ಬರುವ ಮೊತ್ತವೇ ಬೀಸುಭಾರ. ತೂಕವನ್ನು ಕಿಲೋಗ್ರಾಮಿನಲ್ಲಿಯೂ ದೂರವನ್ನು ಸೆಂಟಿಮೀಟರಿನಲ್ಲಿಯೂ ಹಿಡಿದರೆ, ತಂತಿ ಕಟ್ಟಿದ ರ‍್ಯಾಕೆಟ್ಟುಗಳಲ್ಲಿ ಇದು ಸಾಮಾನ್ಯವಾಗಿ ೨೮೦ರಿಂದ ೩೪೦ರವರೆಗೆ ಇರುತ್ತದೆ. ೧೦ ಗ್ರಾಂ ಸೀಸದ ಪಟ್ಟಿಯನ್ನು ಬುಡದಿಂದ ೬೮ ಸೆಂಟಿಮೀಟರಿನಲ್ಲಿ, ತಲೆಯ ತುದಿಗೆ, ಅಂಟಿಸಿದರೆ ಬೀಸುಭಾರವು ೩೩.೬ರಷ್ಟು ಏರುತ್ತದೆ, ಅದೇ ಪಟ್ಟಿಯನ್ನು ಅಕ್ಷದ ಬಳಿ ಸುತ್ತಿದರೆ ಏರುವುದೇ ಇಲ್ಲ.

ಹಾಗಾದರೆ ತೂಕವನ್ನೂ ತುಲಾಬಿಂದುವನ್ನೂ ತಿಳಿದರೆ ಸಾಲದೇ, ಬೀಸುಭಾರವು ಅವುಗಳಿಂದಲೇ ಸಿದ್ಧಿಸದೇ ಎಂದು ಶಂಕಿಸಬಹುದು. ಸಿದ್ಧಿಸದು. ೩೦೦ ಗ್ರಾಂ ತೂಗುವ, ೩೨ ಸೆಂಟಿಮೀಟರಿನಲ್ಲಿ ತುಲಾಬಿಂದುವುಳ್ಳ, ಎಲ್ಲ ವಿಧದಲ್ಲಿಯೂ ಸಮಾನವಾದ ಎರಡು ರ‍್ಯಾಕೆಟ್ಟುಗಳಿರಲಿ. ಒಂದಕ್ಕೆ ತುಲಾಬಿಂದುವಿನಲ್ಲಿಯೇ ೧೦ ಗ್ರಾಂ ಸೇರಿಸಿ; ಇನ್ನೊಂದಕ್ಕೆ ೪ ಮತ್ತು ೬೦ ಸೆಂಟಿಮೀಟರುಗಳಲ್ಲಿ ಐದೈದು ಗ್ರಾಂ ಸೇರಿಸಿ. ಎರಡರ ತೂಕವೂ ೩೧೦ ಗ್ರಾಂ, ಎರಡರ ತುಲಾಬಿಂದುವೂ ೩೨. ಆದರೆ ಬೀಸುಭಾರವು ಮೊದಲನೆಯದರಲ್ಲಿ ೪.೮ರಷ್ಟು, ಎರಡನೆಯದರಲ್ಲಿ ೧೨.೭ರಷ್ಟು ಹೆಚ್ಚಿತು. ಇಂತಹವುಗಳನ್ನು ಹಿಡಿಯ ಬುಡದಿಂದ ತೂಗುಬಿಟ್ಟು ಮೆಲ್ಲನೆ ಆಡಿಸಿದರೆ, ನಿಧಾನವಾಗಿ ತೂಗುವುದೇ ಹೆಚ್ಚು ಬೀಸುಭಾರವುಳ್ಳದ್ದು.

ಇನ್ನು ಆಯ್ಕೆಯ ಕ್ರಮ. ಮಕ್ಕಳಿಗೆ ಮೊದಲು ನೋಡತಕ್ಕದ್ದು ಉದ್ದ. ೧೯ರಿಂದ ೨೬ ಅಂಗುಲದವರೆಗಿನ ರ‍್ಯಾಕೆಟ್ಟುಗಳು ಅವರಿಗಾಗಿಯೇ ಇವೆ. ದೊಡ್ಡವರದನ್ನು ಮಗುವಿನ ಕೈಗೆ ಕೊಟ್ಟು ‘ಬೆಳೆದಂತೆ ಸರಿಹೋಗುತ್ತದೆ’ ಎನ್ನುವ ಮಿತವ್ಯಯವು ಮಿತವ್ಯಯವಲ್ಲ. ವಯಸ್ಕನು ಆಟದ ಕೊನೆಯವರೆಗೂ ದಣಿಯದೆ ಬೀಸಬಲ್ಲಷ್ಟು ಬೀಸುಭಾರವನ್ನು ಮೊದಲು ಗೊತ್ತುಮಾಡಿಕೊಂಡು, ಆ ಮಿತಿಯೊಳಗೆ ಹೆಚ್ಚು ತೂಕದ್ದನ್ನು ಆರಿಸುವುದು ಲೇಸು. ಬಲೆಯ ಬಳಿ ನಿಂತು ಆಡುವವನಿಗೆ ಬೇಗನೆ ತಿರುಗುವ ಹಿಡಿಭಾರದ್ದು ಅನುಕೂಲ. ತೀರ ಹಗುರವಾದ ರ‍್ಯಾಕೆಟ್ಟಿಗೆ ಹೊಡೆತದ ಬಲ ಬರಬೇಕಾದರೆ ತಲೆಯ ಕಡೆ ಸ್ವಲ್ಪ ಭಾರವಿರಬೇಕು. ಪರೀಕ್ಷೆಯು ಅಂಗಡಿಯಲ್ಲಿ ನಡೆಯತಕ್ಕದ್ದಲ್ಲ. ಎರವಲು ತಂದಾದರೂ ಒಂದು ಗಂಟೆ ಆಡಿದ ತೋಳು ಹೇಳುವ ಸಾಕ್ಷ್ಯವೇ ಪ್ರಮಾಣ. ಸಂದೇಹವಿದ್ದರೆ ಕೊಂಚ ಹಗುರವಾದುದನ್ನೇ ಕೊಳ್ಳಬೇಕು. ಏಕೆಂದರೆ ಪೀಟ್ ಸಾಂಪ್ರಾಸರು ಮಾಡುತ್ತಿದ್ದಂತೆ ಸೀಸವನ್ನು ಅಂಟಿಸಿ ಭಾರವನ್ನು ಕೂಡಿಸಬಹುದು, ಇದ್ದುದನ್ನು ಕಳೆಯಲಾಗದು.

ತೂಕವು ಎಷ್ಟೆಂಬುದನ್ನು ಹೇಳುತ್ತದೆ, ತುಲಾಬಿಂದುವು ಎತ್ತ ವಾಲುವುದೆಂಬುದನ್ನು, ಬೀಸುಭಾರವು ಹೇಗೆ ಹರಡಿದೆ ಎಂಬುದನ್ನು. ಮೂರಕ್ಕೂ ಭಾರವೆಂಬ ಒಂದೇ ಹೆಸರಿದ್ದರೆ ಅಂಗಡಿಯವನು ಒಂದನ್ನು ಹೇಳಿ, ಕೊಳ್ಳುವವನು ಇನ್ನೊಂದನ್ನು ತಿಳಿದು, ತೋಳು ಮೂರನೆಯದನ್ನು ಅನುಭವಿಸುವುದು.